ಇಡೀ ಸ್ಥಿತಿಯನ್ನು ಓದದೆ ಹೆಣಿಗೆಯನ್ನಷ್ಟೇ ಅಳೆಯುವ ಬಗೆ

2005ರಲ್ಲಿ ಆಸ್ಟ್ರಿಯಾದ ಇನ್ಸ್‌ಬ್ರುಕ್ ನಗರದ ಭೌತವಿಜ್ಞಾನಿಗಳು ಎಂಟು ಕ್ಯಾಲ್ಸಿಯಂ ಅಯಾನುಗಳನ್ನು ನಿರ್ವಾತದಲ್ಲಿ ಒಂದೇ ಸಾಲಾಗಿ ಹಿಡಿದು ನಿಲ್ಲಿಸಿ, ಲೇಸರ್ ಮಿಡಿತಗಳಿಂದ ಅವುಗಳನ್ನು ಒಂದು ಸಾಮೂಹಿಕ ಕ್ವಾಂಟಮ್ ಸ್ಥಿತಿಗೆ ತಂದರು. ಸ್ಥಿತಿಯನ್ನು ಸಿದ್ಧಪಡಿಸಲು ರೆಪ್ಪೆ ಬಡಿಯುವಷ್ಟು ಹೊತ್ತೂ ಬೇಕಿರಲಿಲ್ಲ. ಸಿದ್ಧವಾಗಿರುವುದು ತಾವು ಬಯಸಿದ ಸ್ಥಿತಿಯೇ ಎಂದು ತೋರಿಸುವುದಕ್ಕೆ ಮಾತ್ರ ಹತ್ತು ಗಂಟೆ ಹಿಡಿಯಿತು. ಅಯಾನುಗಳನ್ನು 6,561 ಬೇರೆ ಬೇರೆ ಬಗೆಗಳಲ್ಲಿ ಅಳೆಯಬೇಕಾಗಿತ್ತು, ಪ್ರತಿ ಬಗೆಯನ್ನೂ ನೂರು ಸಲ ಪುನರಾವರ್ತಿಸಬೇಕಾಗಿತ್ತು. ಒಟ್ಟು 6,56,100 ಸಲ ಅದೇ ಸ್ಥಿತಿಯನ್ನು ಹೊಸದಾಗಿ ಕಟ್ಟಿ, ಅಳೆದು, ಕೆಡಿಸಬೇಕಾಯಿತು. ಕ್ವಾಂಟಮ್ ಸ್ಥಿತಿಯನ್ನು ಒಮ್ಮೆ ಅಳೆದರೆ ಅದು ಅಲ್ಲಿಗೆ ಮುಗಿಯುತ್ತದೆ, ಅದನ್ನೇ ಮತ್ತೊಮ್ಮೆ ನೋಡಲಾಗದು.

ಈ ವಿಧಾನಕ್ಕೆ ಟೊಮೊಗ್ರಫಿ ಎಂದು ಹೆಸರು. ಆಸ್ಪತ್ರೆಯ ಸಿ.ಟಿ. ಸ್ಕ್ಯಾನ್‌ನಲ್ಲಿರುವ ‘ಟಿ’ ಕೂಡ ಇದೇ ಪದದ ಮೊದಲಕ್ಷರ: ದೇಹವನ್ನು ಹಲವು ಕೋನಗಳಿಂದ ನೋಡಿ ಒಳಗಿನ ಪೂರ್ಣ ಚಿತ್ರವನ್ನು ಲೆಕ್ಕ ಹಾಕಿ ತೆಗೆಯುವಂತೆ, ಇಲ್ಲಿ ಸ್ಥಿತಿಯನ್ನು ಹಲವು ದಿಕ್ಕುಗಳಿಂದ ಅಳೆದು ಅದರ ಪೂರ್ಣ ವಿವರವನ್ನು ಕಟ್ಟಿಕೊಳ್ಳಲಾಗುತ್ತದೆ. ಅಳೆದಾಗ 0 ಅಥವಾ 1 ಎಂಬ ಎರಡೇ ಉತ್ತರ ಕೊಡುವ ಕ್ವಾಂಟಮ್ ಘಟಕಕ್ಕೆ ಕ್ಯೂಬಿಟ್ ಎನ್ನುತ್ತಾರೆ, ಇಲ್ಲಿ ಒಂದೊಂದು ಅಯಾನೂ ಒಂದು ಕ್ಯೂಬಿಟ್. ಒಂದು ಕ್ಯೂಬಿಟ್‌ಗೆ ಮೂರು ದಿಕ್ಕುಗಳು ಸಾಕು. ಎಂಟು ಕ್ಯೂಬಿಟ್‌ಗಳಿಗೆ ಮೂರನ್ನು ಎಂಟು ಸಲ ಗುಣಿಸಬೇಕು, ಅದೇ 6,561. ಇಪ್ಪತ್ತು ಕ್ಯೂಬಿಟ್‌ಗಳಾದರೆ ಅಳೆಯುವ ಬಗೆಗಳ ಸಂಖ್ಯೆ ಸುಮಾರು 348 ಕೋಟಿಗೆ ಏರುತ್ತದೆ, ಸ್ಥಿತಿಯನ್ನು ವಿವರಿಸಲು ಬೇಕಾದ ಸಂಖ್ಯೆಗಳಂತೂ ಒಂದು ಲಕ್ಷ ಕೋಟಿಯನ್ನು ದಾಟುತ್ತವೆ. ಇಂದಿನ ಪ್ರಯೋಗಾಲಯಗಳಲ್ಲಿ ಐವತ್ತು, ನೂರು ಕ್ಯೂಬಿಟ್‌ಗಳ ವ್ಯವಸ್ಥೆಗಳು ಕೆಲಸ ಮಾಡುತ್ತಿವೆ. ಅವುಗಳ ಮೇಲೆ ಟೊಮೊಗ್ರಫಿ ನಡೆಸುವ ಮಾತು ಸಮುದ್ರದ ನೀರನ್ನು ಬೊಗಸೆಯಲ್ಲಿ ಎಣಿಸುವ ಮಾತು.

ಆದರೆ ವಿಜ್ಞಾನಿಗಳಿಗೆ ಬೇಕಾಗಿರುವುದು ಹೆಚ್ಚಿನ ಸಲ ಪೂರ್ಣ ಚಿತ್ರವಲ್ಲ. ಈ ವ್ಯವಸ್ಥೆಯ ಎಡಭಾಗಕ್ಕೂ ಬಲಭಾಗಕ್ಕೂ ಎಷ್ಟು ಕ್ವಾಂಟಮ್ ನಂಟಿದೆ ಎಂಬ ಒಂದೇ ಪ್ರಶ್ನೆ, ಅದಕ್ಕೆ ಉತ್ತರವಾಗಿ ಒಂದೇ ಸಂಖ್ಯೆ. ಒಂದು ಸಂಖ್ಯೆಯನ್ನು ತಿಳಿಯಲು ಲಕ್ಷ ಕೋಟಿ ಸಂಖ್ಯೆಗಳನ್ನು ತಿಳಿಯಬೇಕೇ? ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ಈ ಕ್ಷೇತ್ರದಲ್ಲಿ ನಡೆದ ಕೆಲಸದ ದೊಡ್ಡ ಪಾಲು ಈ ಪ್ರಶ್ನೆಯ ಸುತ್ತಲೇ ನಡೆದಿದೆ. ಅಲ್ಲಿ ಸಿಕ್ಕ ಪ್ರತಿ ಉಳಿತಾಯಕ್ಕೂ ಬೇರೆಲ್ಲೋ ಒಂದು ಬೆಲೆ ತೆತ್ತಾಗಿದೆ ಎಂಬುದನ್ನು ಓದುಗರು ಮುಂದಿನ ಪುಟಗಳಲ್ಲಿ ಗಮನಿಸುತ್ತ ಹೋಗಬಹುದು.

ಮೊದಲು ಪದದ ವಿಚಾರ. ಈ ನಂಟಿಗೆ ಭೌತವಿಜ್ಞಾನದಲ್ಲಿ ಎಂಟ್ಯಾಂಗಲ್‌ಮೆಂಟ್ ಎನ್ನುತ್ತಾರೆ. ಕನ್ನಡದಲ್ಲಿ ‘ಸಿಕ್ಕು’, ‘ತೊಡಕು’ ಎಂದು ಬರೆಯುವವರಿದ್ದಾರೆ, ಆದರೆ ಸಿಕ್ಕು ಎಂದೊಡನೆ ಬಿಡಿಸಬೇಕಾದ ತೊಂದರೆಯೊಂದು ಕಣ್ಣ ಮುಂದೆ ಬರುತ್ತದೆ. ಎರ್ವಿನ್ ಶ್ರೋಡಿಂಗರ್ 1935ರಲ್ಲಿ ಜರ್ಮನ್ ಭಾಷೆಯಲ್ಲಿ ಬಳಸಿದ ‘ಫೆರ್‌ಶ್ರೆಂಕುಂಗ್’ ಎಂಬ ಪದದಲ್ಲಿ ತೊಂದರೆಯ ಛಾಯೆಯಿಲ್ಲ. ಎದೆಯ ಮೇಲೆ ಕೈ ಕಟ್ಟಿ ನಿಂತಾಗ ತೋಳುಗಳು ಒಂದರೊಳಗೊಂದು ಸೇರಿರುತ್ತವಲ್ಲ, ಅದಕ್ಕೂ ಜರ್ಮನರು ಅದೇ ಮೂಲದ ಪದವನ್ನು ಹೇಳುತ್ತಾರೆ. ಹಾಗಾಗಿ ಈ ಲೇಖನದಲ್ಲಿ ‘ಹೆಣಿಗೆ’ ಎಂದು ಬಳಸಿದ್ದೇನೆ.

ಹೆಣಿಗೆಯ ಲಕ್ಷಣವನ್ನು ಶ್ರೋಡಿಂಗರ್ ಅದೇ ವರ್ಷ ಗುರುತಿಸಿದ್ದರು: ಇಡೀ ವ್ಯವಸ್ಥೆಯ ಬಗ್ಗೆ ಸಾಧ್ಯವಿರುವಷ್ಟೂ ಅರಿವು ನಮ್ಮಲ್ಲಿದ್ದರೂ ಅದರ ಭಾಗಗಳ ಬಗ್ಗೆ ಅಂಥ ಅರಿವು ಇರಲೇಬೇಕೆಂದೇನಿಲ್ಲ. ದಿನಬಳಕೆಯ ಲೋಕದಲ್ಲಿ ಹೀಗಾಗುವುದಿಲ್ಲ. ಎರಡು ನಾಣ್ಯಗಳು ಹೇಗೆ ಬಿದ್ದಿವೆ ಎಂದು ಪೂರ್ತಿ ಗೊತ್ತಿರುವವನಿಗೆ ಮೊದಲನೆಯ ನಾಣ್ಯ ಹೇಗೆ ಬಿದ್ದಿದೆ ಎಂಬುದೂ ಗೊತ್ತಿರುತ್ತದೆ. ಕ್ವಾಂಟಮ್ ಲೋಕದಲ್ಲಿ ಇಡಿಯದು ಖಚಿತವಾಗಿದ್ದು ಬಿಡಿಯದು ಅನಿಶ್ಚಿತವಾಗಿರಬಲ್ಲದು. ಭಾಗದ ಅನಿಶ್ಚಿತತೆ ಇಡಿಯದಕ್ಕಿಂತ ಹೆಚ್ಚಾಗಿದ್ದರೆ ಅಲ್ಲಿ ಹೆಣಿಗೆ ಇದೆ ಎಂದೇ ಅರ್ಥ. ಹೀಗೆ ನೋಡಿದರೆ ಹೆಣಿಗೆಯನ್ನು ಅಳೆಯುವುದೆಂದರೆ ಅನಿಶ್ಚಿತತೆಯನ್ನು ಅಳೆಯುವುದೇ.

ಅನಿಶ್ಚಿತತೆಯನ್ನು ಅಳೆಯಲು ಒಂದು ಸರಳ ಉಪಾಯವಿದೆ. ಡಬ್ಬದಲ್ಲಿ ಹೆಸರು ಬರೆದ ಚೀಟಿಗಳಿವೆ ಎಂದುಕೊಳ್ಳಿ. ಒಂದು ಚೀಟಿ ಎತ್ತಿ, ಹೆಸರು ನೋಡಿ, ಮತ್ತೆ ಡಬ್ಬಕ್ಕೆ ಹಾಕಿ, ಇನ್ನೊಂದು ಸಲ ಎತ್ತಿ. ಎರಡು ಸಲವೂ ಒಂದೇ ಹೆಸರು ಬರುವ ಸಂಭವ ಎಷ್ಟು? ಎಲ್ಲ ಚೀಟಿಗಳಲ್ಲೂ ಒಂದೇ ಹೆಸರಿದ್ದರೆ ಸಂಭವ 1. ಎರಡು ಹೆಸರುಗಳು ಸಮಸಮವಾಗಿದ್ದರೆ 1/2. ಸಾವಿರ ಹೆಸರುಗಳು ಸಮವಾಗಿ ಹಂಚಿಹೋಗಿದ್ದರೆ 1/1000. ಕ್ವಾಂಟಮ್ ಸ್ಥಿತಿಗೂ ಇಂಥದ್ದೇ ಒಂದು ಸಂಖ್ಯೆಯಿದೆ, ಅದನ್ನು ‘ಶುದ್ಧತೆ’ ಎನ್ನುತ್ತಾರೆ. ಶುದ್ಧತೆಯ ಲಾಗರಿದಮ್ ತೆಗೆದು ಚಿಹ್ನೆ ಬದಲಿಸಿದರೆ ಸಿಗುವುದು ಎರಡನೆಯ ದರ್ಜೆಯ ರೆನ್ಯಿ ಎಂಟ್ರೊಪಿ; ಎಂಟ್ರೊಪಿ ಎಂದರೆ ಅನಿಶ್ಚಿತತೆಯ ಅಳತೆ. ಹೆಚ್ಚು ಪ್ರಸಿದ್ಧವಾದ ಫಾನ್ ನಾಯ್ಮನ್ ಎಂಟ್ರೊಪಿಗಿಂತ ಇದನ್ನು ಅಳೆಯುವುದು ಸುಲಭ, ಏಕೆಂದರೆ ಇದಕ್ಕೆ ಡಬ್ಬದಲ್ಲಿ ಯಾವ ಯಾವ ಹೆಸರು ಎಷ್ಟೆಷ್ಟಿದೆ ಎಂಬ ಪಟ್ಟಿ ಬೇಕಿಲ್ಲ. ಎರಡು ಸಲ ಎತ್ತಿದಾಗ ಹೆಸರು ಕೂಡಿತೇ ಇಲ್ಲವೇ ಎಂಬುದಷ್ಟೇ ಸಾಕು.

ಎರಡು ಸಲ ಎತ್ತುವುದನ್ನು ಅಕ್ಷರಶಃ ಮಾಡಿದವರು ಹಾರ್ವರ್ಡ್ ವಿಶ್ವವಿದ್ಯಾಲಯದ ಮಾರ್ಕಸ್ ಗ್ರೈನರ್ ಅವರ ತಂಡದವರು. 2015ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ರಜೀಬುಲ್ ಇಸ್ಲಾಂ ಮತ್ತು ಸಂಗಡಿಗರು ಲೇಸರ್ ಬೆಳಕಿನಿಂದ ಕಟ್ಟಿದ ಜಾಲರಿಯಲ್ಲಿ ರುಬಿಡಿಯಂ ಪರಮಾಣುಗಳ ಎರಡು ಸಾಲುಗಳನ್ನು ಪಕ್ಕಪಕ್ಕದಲ್ಲಿ ಕೂರಿಸಿದರು. ಪ್ರತಿ ಸಾಲಿನಲ್ಲೂ ನಾಲ್ಕು ಪರಮಾಣುಗಳು, ಎರಡೂ ಸಾಲುಗಳು ಒಂದೇ ಸ್ಥಿತಿಯ ಎರಡು ಪ್ರತಿಗಳು. ಬಳಿಕ ಸಾಲುಗಳ ನಡುವಣ ಗೋಡೆಯನ್ನು ಲೆಕ್ಕ ಹಾಕಿದಷ್ಟೇ ಹೊತ್ತು ತಗ್ಗಿಸಿ, ಪರಮಾಣುಗಳು ಆಚೆಯಿಂದ ಈಚೆಗೆ ನುಸುಳಲು ಬಿಟ್ಟರು. ಎರಡೂ ಪ್ರತಿಗಳು ಪೂರ್ತಿ ಏಕರೂಪದ ಶುದ್ಧ ಸ್ಥಿತಿಗಳಾಗಿದ್ದರೆ, ಹೀಗೆ ಬೆರೆಸಿದ ಮೇಲೆ ಗೊತ್ತಾದ ಒಂದು ಸಾಲಿನಲ್ಲಿ ಯಾವಾಗಲೂ ಸಮಸಂಖ್ಯೆಯ ಪರಮಾಣುಗಳೇ ಇರಬೇಕೆಂಬುದು ಕ್ವಾಂಟಮ್ ನಿಯಮ. ಸೂಕ್ಷ್ಮದರ್ಶಕದಲ್ಲಿ ನೋಡಿ, ಸಮ ಬಂದಾಗಲೆಲ್ಲ +1, ಬೆಸ ಬಂದಾಗಲೆಲ್ಲ −1 ಎಂದು ಬರೆದುಕೊಂಡು ಸರಾಸರಿ ತೆಗೆದರೆ ಶುದ್ಧತೆ ಕೈಗೆ ಬರುತ್ತದೆ. ಇಡೀ ಸಾಲಿಗೆ ಸಮಸಂಖ್ಯೆಯೇ ಹೆಚ್ಚಾಗಿ ಬಂದು, ಅರ್ಧ ಸಾಲಿಗೆ ಸಮ ಬೆಸಗಳು ಮಿಶ್ರವಾಗಿ ಬಂದರೆ, ಅದೇ ಹೆಣಿಗೆಯ ಗುರುತು.

ಈ ಪ್ರಯೋಗದ ಸೊಗಸನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಆದರೆ ಅದರ ಬೇಡಿಕೆ ದೊಡ್ಡದು: ಒಂದೇ ಸ್ಥಿತಿಯ ಎರಡು ಪ್ರತಿಗಳು ಏಕಕಾಲಕ್ಕೆ, ಅಕ್ಕಪಕ್ಕದಲ್ಲಿ, ಒಂದಕ್ಕೊಂದು ತದ್ರೂಪವಾಗಿ ಇರಬೇಕು. ಒಂದು ಪ್ರತಿಯನ್ನು ಹದವಾಗಿ ಹಿಡಿದಿಡಲು ಹೆಣಗುವ ಪ್ರಯೋಗಾಲಯಕ್ಕೆ ಎರಡನೆಯದು ಎರಡರಷ್ಟಲ್ಲ, ಅದಕ್ಕಿಂತ ಬಹಳ ಹೆಚ್ಚಿನ ಕಷ್ಟ.

ಒಂದೇ ಪ್ರತಿಯನ್ನು ಇಟ್ಟುಕೊಂಡು, ಈಗೊಮ್ಮೆ ಆಮೇಲೊಮ್ಮೆ ಅಳೆದು, ಎರಡು ಫಲಿತಾಂಶಗಳನ್ನು ಕಾಗದದ ಮೇಲೆ ಹೋಲಿಸಿದರೆ ಆಗದೇ? ನೇರವಾಗಿ ಮಾಡಿದರೆ ಆಗದು. ಕ್ವಾಂಟಮ್ ಸ್ಥಿತಿಯ ‘ಚೀಟಿ’ಯನ್ನು ಯಾವ ದಿಕ್ಕಿನಿಂದ ಓದಬೇಕೆಂಬುದು ನಮಗೆ ಮೊದಲೇ ಗೊತ್ತಿರುವುದಿಲ್ಲ, ತಪ್ಪು ದಿಕ್ಕಿನಿಂದ ಓದಿದರೆ ಶುದ್ಧ ಸ್ಥಿತಿಯೂ ಕಲಸಿದಂತೆ ಕಾಣುತ್ತದೆ. ಇದಕ್ಕೆ ಸಿಕ್ಕ ಪರಿಹಾರ ಮೊದಲ ನೋಟಕ್ಕೆ ವಿಚಿತ್ರವಾಗಿದೆ: ದಿಕ್ಕು ಗೊತ್ತಿಲ್ಲದಿದ್ದರೆ ದಿಕ್ಕನ್ನು ಯಾದೃಚ್ಛಿಕವಾಗಿ, ಅಂದರೆ ದಾಳ ಉರುಳಿಸಿದಂತೆ, ಆರಿಸಿ. ಸ್ಟೀವನ್ ಫಾನ್ ಎಂಕ್ ಮತ್ತು ಕಾರ್ಲೊ ಬೇನಕ್ಕರ್ 2012ರಲ್ಲಿ ಮುಂದಿಟ್ಟ ಈ ವಿಚಾರವನ್ನು ಆಂಡ್ರಿಯಾಸ್ ಎಲ್ಬೆನ್, ಬೆನುವಾ ವೆರ್‌ಮೆರ್ಶ್, ಪೀಟರ್ ಝೊಲ್ಲರ್ ಮೊದಲಾದವರು ಪ್ರತಿ ಕ್ಯೂಬಿಟ್ಟನ್ನೂ ಬಿಡಿಬಿಡಿಯಾಗಿ ತಿರುಗಿಸಿದರೆ ಸಾಕಾಗುವ ರೂಪಕ್ಕೆ ತಂದರು.

ಇದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಪೆನ್ನು ಕಾಗದ ಹಿಡಿದು ಕೂತರೆ ಐದು ನಿಮಿಷದ ಲೆಕ್ಕ. ನಿಯಮ ಹೀಗಿದೆ: ಒಂದು ದಿಕ್ಕನ್ನು ಆರಿಸಿಕೊಂಡು ಅದೇ ದಿಕ್ಕಿನಲ್ಲಿ ಸ್ಥಿತಿಯನ್ನು ಹಲವು ಸಲ ಅಳೆಯಿರಿ. ಪ್ರತಿ ಸಲವೂ 0 ಮತ್ತು 1ಗಳ ಒಂದು ಸಾಲು ಬರುತ್ತದೆ. ಬೇರೆ ಬೇರೆ ಸಲಗಳಲ್ಲಿ ಬಂದ ಯಾವುದಾದರೂ ಎರಡು ಸಾಲುಗಳನ್ನು ಹೋಲಿಸಿ. ಎರಡೂ ಒಂದೇ ಆಗಿದ್ದರೆ +1 ಅಂಕ; ಒಂದು ಸ್ಥಾನದಲ್ಲಿ ವ್ಯತ್ಯಾಸವಿದ್ದರೆ −1/2; ಎರಡು ಸ್ಥಾನಗಳಲ್ಲಿದ್ದರೆ +1/4; ಮೂರರಲ್ಲಿದ್ದರೆ −1/8; ಹೀಗೆಯೇ ಮುಂದಕ್ಕೆ. ಅಂಕಗಳ ಸರಾಸರಿಯನ್ನು ಪ್ರತಿ ಕ್ಯೂಬಿಟ್‌ಗೆ ಒಂದು ಸಲದಂತೆ ಎರಡರಿಂದ ಗುಣಿಸಿ. ಕೊನೆಗೆ ಎಲ್ಲ ದಿಕ್ಕುಗಳ ಮೇಲೂ ಸರಾಸರಿ ತೆಗೆದರೆ ಸಿಗುವುದೇ ಶುದ್ಧತೆ.

ಒಂದೇ ಒಂದು ಕ್ಯೂಬಿಟ್ ಮೇಲುಮುಖವಾಗಿ ನಿಂತಿದೆ ಎನ್ನಿ. ಅದನ್ನು ಮೇಲು–ಕೆಳಗು ದಿಕ್ಕಿನಲ್ಲಿ ಅಳೆದರೆ ಉತ್ತರ ಯಾವಾಗಲೂ ಒಂದೇ, ಅಂಕ +1, ಎರಡರಿಂದ ಗುಣಿಸಿದರೆ 2. ಎಡ–ಬಲ ದಿಕ್ಕಿನಲ್ಲಿ ಅಳೆದರೆ ಉತ್ತರ ಅರ್ಧ ಸಲ 0, ಅರ್ಧ ಸಲ 1. ಎರಡು ಫಲಿತಾಂಶಗಳು ಕೂಡುವ ಸಂಭವ ಅರ್ಧ, ಕೂಡದಿರುವ ಸಂಭವ ಅರ್ಧ. ಸರಾಸರಿ ಅಂಕ 1/2 − 1/4, ಅಂದರೆ 1/4. ಎರಡರಿಂದ ಗುಣಿಸಿದರೆ 1/2. ಮುಂದೆ–ಹಿಂದೆ ದಿಕ್ಕಿನಲ್ಲೂ ಅದೇ 1/2. ಮೂರು ದಿಕ್ಕುಗಳ ಸರಾಸರಿ, 2 ಮತ್ತು ಎರಡು ಅರ್ಧಗಳನ್ನು ಕೂಡಿಸಿ ಮೂರರಿಂದ ಭಾಗಿಸಿದರೆ, ಸರಿಯಾಗಿ 1. ಸ್ಥಿತಿ ಪೂರ್ಣ ಶುದ್ಧ. ಕ್ಯೂಬಿಟ್ ಯಾವ ಕಡೆ ಮುಖ ಮಾಡಿತ್ತೆಂಬುದನ್ನು ನಾವು ಲೆಕ್ಕದಲ್ಲಿ ಎಲ್ಲೂ ಬಳಸಲಿಲ್ಲ ಎಂಬುದನ್ನು ಗಮನಿಸಿ.

ಈಗ ಪೂರ್ಣವಾಗಿ ಹೆಣೆದುಕೊಂಡ ಎರಡು ಕ್ಯೂಬಿಟ್‌ಗಳನ್ನು ತೆಗೆದುಕೊಳ್ಳಿ. ಅವುಗಳಲ್ಲಿ ಒಂದನ್ನಷ್ಟೇ ನೋಡಿದರೆ ಮೂರೂ ದಿಕ್ಕುಗಳಲ್ಲಿ ಉತ್ತರ ಅರ್ಧರ್ಧ. ಮೂರರಲ್ಲೂ 1/2, ಸರಾಸರಿಯೂ 1/2. ಎರಡನ್ನೂ ಒಟ್ಟಿಗೆ ನೋಡಿದರೆ ಚಿತ್ರ ಬದಲಾಗುತ್ತದೆ. ಒಂದೊಂದಕ್ಕೆ ಮೂರು ದಿಕ್ಕುಗಳಂತೆ ಒಟ್ಟು ಒಂಬತ್ತು ಜೋಡಿಗಳು. ಎರಡನ್ನೂ ಒಂದೇ ದಿಕ್ಕಿನಲ್ಲಿ ಅಳೆದ ಮೂರು ಜೋಡಿಗಳಲ್ಲಿ ಉತ್ತರಗಳು ಪೂರ್ತಿ ತಾಳೆಯಾಗಿರುತ್ತವೆ, ಒಂದು ಬದಲಾದರೆ ಇನ್ನೊಂದೂ ಬದಲಾಗುತ್ತದೆ: ಎರಡು ಸಾಲುಗಳು ಒಂದೇ ಆಗಿರುವ ಸಂಭವ ಅರ್ಧ, ಎರಡೂ ಸ್ಥಾನಗಳಲ್ಲಿ ಬೇರೆಯಾಗಿರುವ ಸಂಭವ ಅರ್ಧ. ಅಂಕ 1/2 + 1/8, ನಾಲ್ಕರಿಂದ ಗುಣಿಸಿದರೆ 2.5. ದಿಕ್ಕುಗಳು ಬೇರೆಬೇರೆಯಾಗಿರುವ ಆರು ಜೋಡಿಗಳಲ್ಲಿ ಯಾವ ತಾಳೆಯೂ ಇಲ್ಲ, ಅಲ್ಲಿ ಬರುವುದು 0.25. ಮೂರು ಸಲ 2.5, ಆರು ಸಲ 0.25, ಒಟ್ಟು 9. ಒಂಬತ್ತರಿಂದ ಭಾಗಿಸಿದರೆ 1. ಇಡಿಯದರ ಶುದ್ಧತೆ 1, ಬಿಡಿಯದರ ಶುದ್ಧತೆ 1/2. ಶ್ರೋಡಿಂಗರ್ ಹೇಳಿದ್ದು ಅಂಕಿಗಳಲ್ಲಿ ಹೀಗೆ ಕಾಣುತ್ತದೆ.

ಕ್ಯೂಬಿಟ್‌ಗಳು ಹೆಚ್ಚಾದಾಗ ಎಲ್ಲ ದಿಕ್ಕುಗಳ ಜೋಡಣೆಗಳನ್ನೂ ಅಳೆಯಲಾಗದು. ಅಲ್ಲಿ ದಾಳದ ಪ್ರಯೋಜನ ಕಾಣುತ್ತದೆ: ಊರಿನ ಪ್ರತಿ ಮನೆಗೂ ಹೋಗದೆ, ಚೀಟಿ ಎತ್ತಿ ಆರಿಸಿದ ಕೆಲವು ಮನೆಗಳಿಗೆ ಹೋದರೂ ಸರಾಸರಿ ಸಿಗುವಂತೆ, ಯಾದೃಚ್ಛಿಕವಾಗಿ ಆರಿಸಿದ ಕೆಲವು ನೂರು ಜೋಡಣೆಗಳು ಸಾಕು. 2019ರಲ್ಲಿ ಇನ್ಸ್‌ಬ್ರುಕ್‌ನ ತಂಡವೇ ಇದನ್ನು ಮಾಡಿ ತೋರಿಸಿತು. ಇಪ್ಪತ್ತು ಕ್ಯಾಲ್ಸಿಯಂ ಅಯಾನುಗಳ ಸಾಲು; ಪ್ರತಿ ಅಯಾನನ್ನೂ ಲೇಸರ್‌ನಿಂದ ಬೇರೆ ಬೇರೆ ಕೋನಕ್ಕೆ ತಿರುಗಿಸಿ, ಕೊನೆಗೆ ಇಡೀ ಸಾಲಿನ ಮೇಲೆ 397 ನ್ಯಾನೊಮೀಟರ್ ತರಂಗಾಂತರದ ನೇರಳೆ ಬೆಳಕು ಚೆಲ್ಲಿ ಕ್ಯಾಮೆರಾದಲ್ಲಿ ನೋಡುವುದು. ಒಂದು ಸ್ಥಿತಿಯಲ್ಲಿರುವ ಅಯಾನು ಹೊಳೆಯುತ್ತದೆ, ಇನ್ನೊಂದರಲ್ಲಿರುವುದು ಕತ್ತಲಾಗಿಯೇ ಉಳಿಯುತ್ತದೆ. ಹೊಳೆಯುವ ಮತ್ತು ಹೊಳೆಯದ ಚುಕ್ಕೆಗಳ ಆ ಸಾಲೇ ಮೇಲೆ ಹೇಳಿದ 0 ಮತ್ತು 1ಗಳ ಸಾಲು. ಹತ್ತು ಅಯಾನುಗಳ ಭಾಗಗಳ ಎಂಟ್ರೊಪಿಯನ್ನು ಅಳೆಯಲು 500 ಯಾದೃಚ್ಛಿಕ ಜೋಡಣೆಗಳು, ಪ್ರತಿಯೊಂದಕ್ಕೆ 150 ಪುನರಾವರ್ತನೆಗಳು, ಒಟ್ಟು 75,000 ಅಳತೆಗಳು ಸಾಕಾದವು. ಹತ್ತು ಕ್ಯೂಬಿಟ್‌ಗಳ ಟೊಮೊಗ್ರಫಿಗೆ 59,049 ಜೋಡಣೆಗಳು ಬೇಕಿದ್ದವು ಎಂಬುದನ್ನು ನೆನೆದರೆ ಉಳಿತಾಯದ ಅಂದಾಜಾಗುತ್ತದೆ.

ಈ ವಿಧಾನದಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ ಗುಣ ಬೇರೆಯದು: ಅಳೆಯುವ ಹೊತ್ತಿಗೆ ಪ್ರಶ್ನೆ ಗೊತ್ತಿರಬೇಕಾಗಿಲ್ಲ. ಎಡಗಡೆಯ ಮೂರು ಅಯಾನುಗಳ ಶುದ್ಧತೆ ಬೇಕೇ, ನಡುವಿನ ಐದರದು ಬೇಕೇ, ಒಂದು ಬಿಟ್ಟು ಒಂದರಂತೆ ಆರಿಸಿದವುಗಳದು ಬೇಕೇ, ಎಲ್ಲವೂ ಅದೇ ಕಡತದಿಂದ ಆಮೇಲೆ ನಿಧಾನವಾಗಿ ಲೆಕ್ಕ ಹಾಕಿ ತೆಗೆಯಬಹುದು. ಕಪಾಟಿನಲ್ಲಿಟ್ಟ ಹಳೆಯ ದತ್ತಾಂಶ ಹೊಸ ಪ್ರಶ್ನೆಗೂ ಉತ್ತರ ಕೊಡುತ್ತದೆ.

ಈ ಗುಣಕ್ಕೆ ಗಣಿತದ ಗಟ್ಟಿ ಅಡಿಪಾಯ ಹಾಕಿದವರು ಹ್ಸಿನ್–ಯುವಾನ್ ಹುವಾಂಗ್, ರಿಚರ್ಡ್ ಕ್ಯುಂಗ್ ಮತ್ತು ಜಾನ್ ಪ್ರೆಸ್ಕಿಲ್. 2020ರಲ್ಲಿ ಅವರು ಬರೆದ ವಿಧಾನವನ್ನು ‘ಕ್ಲಾಸಿಕಲ್ ಶ್ಯಾಡೋ’, ಅಂದರೆ ಕಂಪ್ಯೂಟರಿನಲ್ಲಿ ಶೇಖರಿಸಿಡಬಹುದಾದ ನೆರಳು, ಎಂದು ಕರೆಯುತ್ತಾರೆ. ಯಾದೃಚ್ಛಿಕ ದಿಕ್ಕಿನಲ್ಲಿ ಮಾಡಿದ ಪ್ರತಿ ಅಳತೆಯಿಂದಲೂ ಸ್ಥಿತಿಯ ಒಂದು ಒರಟು ಪ್ರತಿಯನ್ನು ಬರೆದಿಟ್ಟುಕೊಳ್ಳುವುದು ಇದರ ಕ್ರಮ. ಆ ಪ್ರತಿ ಎಷ್ಟು ಒರಟೆಂದರೆ, ಒಂದು ಕ್ಯೂಬಿಟ್‌ನ ನೆರಳಿನಲ್ಲಿ ಒಂದು ಫಲಿತಾಂಶದ ‘ಸಂಭವ’ 2, ಇನ್ನೊಂದರದು −1! ಇಂಥ ಸಂಭವಗಳು ಲೋಕದಲ್ಲಿ ಇರಲಾರವು. ಆದರೂ ಸಾವಿರಾರು ನೆರಳುಗಳ ಸರಾಸರಿ ತೆಗೆದಾಗ ಅಸಂಬದ್ಧಗಳು ಒಂದನ್ನೊಂದು ಹೊಡೆದುಹಾಕಿ ನಿಜವಾದ ಸ್ಥಿತಿಯೇ ಉಳಿಯುತ್ತದೆ. ಕೆಲವೇ ಕ್ಯೂಬಿಟ್‌ಗಳಿಗೆ ಸಂಬಂಧಿಸಿದ ಪ್ರಶ್ನೆಗಳಾದರೆ, ಇಡೀ ವ್ಯವಸ್ಥೆ ಎಷ್ಟೇ ದೊಡ್ಡದಿದ್ದರೂ ಅಳತೆಗಳ ಸಂಖ್ಯೆ ಹೆಚ್ಚಬೇಕಿಲ್ಲ. ಪ್ರಶ್ನೆಗಳು ಹತ್ತುಪಟ್ಟು, ನೂರುಪಟ್ಟು ಆದರೂ ಅಳತೆಗಳು ಲಾಗರಿದಮ್‌ನ ನಿಧಾನಗತಿಯಲ್ಲಷ್ಟೇ ಹೆಚ್ಚುತ್ತವೆ.

ನೆರಳುಗಳು ಇನ್ನೊಂದು ತೊಡಕನ್ನೂ ಬಿಡಿಸಿದವು. ಮೇಲಿನ ಹೋಲಿಕೆ, ಅಂದರೆ ಬಿಡಿಯದರ ಶುದ್ಧತೆ ಇಡಿಯದಕ್ಕಿಂತ ಕಡಿಮೆಯೇ ಎಂದು ನೋಡುವುದು, ಇಡಿಯದು ಬಹುಮಟ್ಟಿಗೆ ಶುದ್ಧವಾಗಿದ್ದಾಗ ಚೆನ್ನಾಗಿ ನಡೆಯುತ್ತದೆ. ಹೊರಗಿನ ಗದ್ದಲ ಸೇರಿಕೊಂಡು ಇಡಿಯದೂ ಕಲುಷಿತವಾಗಿದ್ದರೆ ಹೆಣಿಗೆ ಇದ್ದೂ ಆ ಹೋಲಿಕೆಯಲ್ಲಿ ಕಾಣದೆ ಹೋಗಬಹುದು. 1996ರಲ್ಲಿ ಆಶರ್ ಪೆರೆಸ್ ಸೂಚಿಸಿದ ಪರೀಕ್ಷೆ ಇದಕ್ಕಿಂತ ಸೂಕ್ಷ್ಮವಾದುದು: ಸ್ಥಿತಿಯನ್ನು ವಿವರಿಸುವ ಮಾತೃಕೆಯಲ್ಲಿ, ಅಂದರೆ ಸಂಖ್ಯೆಗಳ ಚೌಕ ಪಟ್ಟಿಯಲ್ಲಿ, ಒಂದು ಭಾಗದ ಅಡ್ಡಸಾಲು ಕಂಬಸಾಲುಗಳನ್ನಷ್ಟೇ ಅದಲುಬದಲು ಮಾಡಿದಾಗ ಋಣ ಸಂಭವಗಳು ಹುಟ್ಟಿಕೊಂಡರೆ ಅಲ್ಲಿ ಹೆಣಿಗೆ ಇದೆ. ಪರೀಕ್ಷೆಗೆ ಪೂರ್ಣ ಮಾತೃಕೆ ಬೇಕೆಂಬುದೇ ಅಡ್ಡಿಯಾಗಿತ್ತು. 2020ರಲ್ಲಿ ಎಲ್ಬೆನ್ ಮತ್ತು ಸಂಗಡಿಗರು, ಹಾಗೆ ಅದಲುಬದಲು ಮಾಡಿದ ಮಾತೃಕೆಯ ಮೂರನೆಯ ಘಾತದ ಕರ್ಣದ ಮೇಲಿನ ಸಂಖ್ಯೆಗಳ ಮೊತ್ತವು ಶುದ್ಧತೆಯ ವರ್ಗಕ್ಕಿಂತ ಕಡಿಮೆಯಾದರೆ ಹೆಣಿಗೆ ಇದ್ದೇ ಇದೆ ಎಂದು ತೋರಿಸಿ, ಆ ಎರಡೂ ಸಂಖ್ಯೆಗಳನ್ನು ನೆರಳುಗಳಿಂದ ತೆಗೆದರು. ಅದಕ್ಕೆ ಅವರು ಬಳಸಿದ್ದು 2019ರ ಅದೇ ಇನ್ಸ್‌ಬ್ರುಕ್ ಪ್ರಯೋಗದ ದತ್ತಾಂಶವನ್ನು. ಹೊಸದಾಗಿ ಒಂದು ಅಯಾನನ್ನೂ ಹಿಡಿಯಬೇಕಾಗಲಿಲ್ಲ.

ಇಷ್ಟರ ಮೇಲೂ ಒಂದು ಗೋಡೆ ಉಳಿಯುತ್ತದೆ. ಒಂದು ಕ್ಯೂಬಿಟ್‌ನ ಲೆಕ್ಕದಲ್ಲಿ ಬೇರೆ ಬೇರೆ ದಿಕ್ಕುಗಳ ಉತ್ತರಗಳು 0.5 ಮತ್ತು 2ರ ನಡುವೆ ಹರಡಿದ್ದವು, ಎರಡರದರಲ್ಲಿ 0.25 ಮತ್ತು 2.5. ಕ್ಯೂಬಿಟ್‌ಗಳು ಹೆಚ್ಚಿದಂತೆ ಈ ಹರವು ಹಿಗ್ಗುತ್ತ ಹೋಗುತ್ತದೆ, ಏಕೆಂದರೆ ಪ್ರತಿ ಅಂಕವನ್ನೂ ಎರಡರ ಒಂದು ದೊಡ್ಡ ಘಾತದಿಂದ ಗುಣಿಸುತ್ತಿದ್ದೇವೆ. ಹರವು ಹೆಚ್ಚಿದಷ್ಟೂ ಸರಾಸರಿ ನೆಲೆಗೊಳ್ಳಲು ಹೆಚ್ಚು ಅಳತೆಗಳು ಬೇಕು. ಭಾಗಕ್ಕೆ ಒಂದು ಕ್ಯೂಬಿಟ್ ಸೇರಿಸಿದರೆ ಅಳತೆಗಳು ಹೆಚ್ಚುಕಡಿಮೆ ಇಮ್ಮಡಿಯಾಗುತ್ತವೆ. ಟೊಮೊಗ್ರಫಿಗೆ ಹೋಲಿಸಿದರೆ ಇದು ಭಾರಿ ಉಳಿತಾಯ ನಿಜ, ಆದರೂ ಇಮ್ಮಡಿ ಇಮ್ಮಡಿಯೇ: ಹತ್ತು ಅಯಾನುಗಳಿಗೆ 75,000 ಅಳತೆಗಳಾದರೆ ಇಪ್ಪತ್ತಕ್ಕೆ ಏಳೂವರೆ ಕೋಟಿಯ ಆಸುಪಾಸು. ಹೆಚ್ಚು ಜಾಣತನದ ಲೆಕ್ಕದಿಂದ ಇದನ್ನು ದಾಟಬಹುದೇ ಎಂದರೆ, ಸಾಮಾನ್ಯವಾಗಿ ಇಲ್ಲ. ಒಂದೊಂದೇ ಪ್ರತಿಯನ್ನು ಅಳೆಯುವ ಯಾವ ವಿಧಾನವೂ, ಯಾವ ಪೂರ್ವಜ್ಞಾನವೂ ಇಲ್ಲದೆ ಶುದ್ಧ ಸ್ಥಿತಿಯನ್ನು ಪೂರ್ತಿ ಕಲಸಿದ ಸ್ಥಿತಿಯಿಂದ ಬೇರ್ಪಡಿಸಲು ಘಾತೀಯವಾಗಿ ಬೆಳೆಯುವಷ್ಟು ಅಳತೆಗಳನ್ನು ಬೇಡಲೇಬೇಕೆಂದು 2021ರಲ್ಲಿ ಚೆನ್, ಕಾಟ್ಲರ್, ಹುವಾಂಗ್ ಮತ್ತು ಲೀ ಸಾಧಿಸಿದರು. ಎರಡು ಪ್ರತಿಗಳನ್ನು ಒಟ್ಟಿಗೆ ಹಿಡಿಯಬಲ್ಲವರಿಗೆ ಈ ಗೋಡೆಯಿಲ್ಲ. ಹಾರ್ವರ್ಡ್‌ನವರು ಪಟ್ಟ ಕಷ್ಟಕ್ಕೆ ಅಷ್ಟರಮಟ್ಟಿಗೆ ನಿಜವಾದ ಬೆಲೆಯಿತ್ತು.

ಗೋಡೆಯನ್ನು ಒಡೆಯಲಾಗದಿದ್ದರೆ ಬಳಸಿ ಹೋಗಬಹುದು. ‘ಯಾವ ಪೂರ್ವಜ್ಞಾನವೂ ಇಲ್ಲದೆ’ ಎಂಬ ಷರತ್ತಿನಲ್ಲೇ ದಾರಿಯಿದೆ. ಪ್ರಯೋಗಾಲಯದ ಸ್ಥಿತಿಗಳು ಗೊತ್ತುಗುರಿಯಿಲ್ಲದೆ ಆರಿಸಿದವಲ್ಲ. ಅಕ್ಕಪಕ್ಕದ ಕಣಗಳ ನಡುವಿನ ಬಲಗಳಿಂದ ಅವು ಹುಟ್ಟಿವೆ. ಆ ಹುಟ್ಟು ಸ್ಥಿತಿಯ ಮೇಲೆ ಗುರುತು ಬಿಟ್ಟಿರುತ್ತದೆ.

ಆ ಗುರುತಿನ ಸುಳಿವು ಬಂದದ್ದು ಅಳತೆಗೆ ಸಂಬಂಧವೇ ಇಲ್ಲದ ಕ್ಷೇತ್ರದಿಂದ. 1970ರ ದಶಕದಲ್ಲಿ ಬಿಸೊನ್ಯಾನೊ ಮತ್ತು ವಿಖ್‌ಮನ್ ಎಂಬ ಗಣಿತಭೌತಜ್ಞರು ಕ್ವಾಂಟಮ್ ಕ್ಷೇತ್ರಗಳ ಬಗ್ಗೆ ಒಂದು ಪ್ರಮೇಯವನ್ನು ಸಾಧಿಸಿದರು. ಅದನ್ನು ನಮಗೆ ಬೇಕಾದಷ್ಟು ಸರಳಗೊಳಿಸಿ ಹೀಗೆ ಹೇಳಬಹುದು: ಅತ್ಯಂತ ಕಡಿಮೆ ಶಕ್ತಿಯ ಸ್ಥಿತಿಯಲ್ಲಿರುವ ವ್ಯವಸ್ಥೆಯನ್ನು ಮನಸ್ಸಿನಲ್ಲೇ ಎರಡಾಗಿ ಕತ್ತರಿಸಿ ಒಂದು ಭಾಗವನ್ನಷ್ಟೇ ನೋಡಿದರೆ, ಅದು ಬಿಸಿ ವಸ್ತುವಿನಂತೆ ಕಾಣುತ್ತದೆ, ಆದರೆ ಎಲ್ಲ ಕಡೆಯೂ ಒಂದೇ ಬಿಸಿಯಲ್ಲ, ಕತ್ತರಿಸಿದ ಅಂಚಿನಲ್ಲಿ ಕೆಂಡ, ಒಳಕ್ಕೆ ಹೋದಂತೆ ತಂಪು. ನಿಜವಾದ ಶಾಖ ಅಲ್ಲಿ ಏನೂ ಇಲ್ಲ. ಕತ್ತರಿಸಿದಾಚೆಗಿನ ಭಾಗದೊಂದಿಗಿನ ಹೆಣಿಗೆಯೇ ಈಚೆಯವರಿಗೆ ಶಾಖದಂತೆ ತೋರುತ್ತದೆ, ಅಂಚಿನ ಕಣಗಳೇ ಆಚೆಯವುಗಳೊಡನೆ ಹೆಚ್ಚು ಹೆಣೆದುಕೊಂಡಿರುವುದರಿಂದ ಅಂಚೇ ಹೆಚ್ಚು ಬಿಸಿ.

ಇದರ ಪ್ರಯೋಜನ ಎಣಿಕೆಯಲ್ಲಿದೆ. ಇಪ್ಪತ್ತು ಕ್ಯೂಬಿಟ್‌ಗಳ ಭಾಗವನ್ನು ಲಕ್ಷ ಕೋಟಿ ಸಂಖ್ಯೆಗಳಿಂದ ವಿವರಿಸುವ ಬದಲು, ಪ್ರತಿ ಸ್ಥಾನಕ್ಕೂ ಒಂದೊಂದು ‘ತಾಪಮಾನ’ ಕೊಟ್ಟರೆ ಸಾಕೆಂದಾಯಿತು. ಅಂದರೆ ಕೆಲವು ಹತ್ತು ಸಂಖ್ಯೆಗಳು. ಕಣಗಳ ನಡುವಿನ ಬಲದ ಸ್ವರೂಪ ಪ್ರಯೋಗ ಮಾಡುವವರಿಗೆ ಮೊದಲೇ ಗೊತ್ತಿರುತ್ತದೆ, ಅವರೇ ಅದನ್ನು ಲೇಸರ್‌ಗಳಿಂದ ಕಟ್ಟಿರುತ್ತಾರೆ. ಆ ಬಲದ ಪ್ರತಿ ತುಣುಕಿಗೂ ಎಷ್ಟು ತೂಕ ಕೊಡಬೇಕೆಂಬುದನ್ನು ಯಾದೃಚ್ಛಿಕ ದಿಕ್ಕಿನ ಅಳತೆಗಳೊಂದಿಗೆ ಹೊಂದಿಸಿ ಕಂಡುಕೊಳ್ಳಬೇಕು, ಅಷ್ಟೇ. ಕ್ರಿಸ್ಚಿಯನ್ ಕೊಕೈಲ್, ಝೊಲ್ಲರ್ ಮತ್ತಿತರರು 2021ರಲ್ಲಿ ಈ ವಿಧಾನವನ್ನು ಮುಂದಿಟ್ಟರು. ಹೀಗೆ ಕಟ್ಟಿದ ಮಾದರಿಯಿಂದ ಶುದ್ಧತೆಯಷ್ಟೇ ಅಲ್ಲ, ನೇರವಾಗಿ ಅಳೆಯಲು ಕಷ್ಟವಾದ ಫಾನ್ ನಾಯ್ಮನ್ ಎಂಟ್ರೊಪಿಯನ್ನೂ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಬಹುದು.

2023ರ ನವೆಂಬರ್‌ನಲ್ಲಿ ಪ್ರಕಟವಾದ ಇನ್ಸ್‌ಬ್ರುಕ್ ಪ್ರಯೋಗ ಇದನ್ನು 51 ಅಯಾನುಗಳ ಸಾಲಿಗೆ ಕೊಂಡೊಯ್ಯಿತು. ಆ ಸಾಲು ಇರಬಹುದಾದ ಹೊಳೆವ–ಹೊಳೆಯದ ಚುಕ್ಕೆಗಳ ವಿನ್ಯಾಸಗಳೇ ಇಪ್ಪತ್ತೆರಡೂವರೆ ಕೋಟಿ ಕೋಟಿಯಷ್ಟು. ಅದರೊಳಗೆ 20 ಅಯಾನುಗಳವರೆಗಿನ ಭಾಗಗಳ ಹೆಣಿಗೆಯನ್ನು ಪೀಟರ್ ಝೊಲ್ಲರ್ ಅವರ ಸಿದ್ಧಾಂತದ ತಂಡವೂ ರೈನರ್ ಬ್ಲಾಟ್ ಮತ್ತು ಕ್ರಿಸ್ಚಿಯನ್ ರೂಸ್ ಅವರ ಪ್ರಯೋಗದ ತಂಡವೂ ಸೇರಿ ಅಳೆದವು. ಕಡಿಮೆ ಶಕ್ತಿಯ ಸ್ಥಿತಿಗಳಲ್ಲಿ ತಾಪಮಾನದ ನಕ್ಷೆ ಪ್ರಮೇಯ ಹೇಳಿದಂತೆಯೇ ಇತ್ತು: ಅಂಚುಗಳಲ್ಲಿ ಏರಿ, ನಡುವಿನಲ್ಲಿ ಇಳಿದು. ಆಗ ಭಾಗವನ್ನು ಎಷ್ಟು ಉದ್ದ ಮಾಡಿದರೂ ಹೆಣಿಗೆ ಹೆಚ್ಚು ಬೆಳೆಯುವುದಿಲ್ಲ. ಸಾಲನ್ನು ಎಲ್ಲಿ ಕತ್ತರಿಸಿದರೂ ಅಂಚುಗಳು ಎರಡೇ ಅಲ್ಲವೇ? ಹೊಲದ ಬೇಲಿಯ ಖರ್ಚು ಬೆಳೆಯ ಮೇಲಲ್ಲ, ಗಡಿಯ ಉದ್ದದ ಮೇಲೆ ನಿಂತಿರುವಂತೆ. ಭೌತವಿಜ್ಞಾನದಲ್ಲಿ ಇದನ್ನು ಕ್ಷೇತ್ರಫಲದ ನಿಯಮ ಎನ್ನುತ್ತಾರೆ (ಕ್ಷೇತ್ರಫಲವೆಂದರೆ ಇಲ್ಲಿ ಗಡಿಯದು, ಒಳಗಿನದಲ್ಲ). ಹೆಚ್ಚಿನ ಶಕ್ತಿಯ ಸ್ಥಿತಿಗಳಿಗೆ ಹೋದಾಗ ನಕ್ಷೆ ಚಪ್ಪಟೆಯಾಯಿತು, ಅಂಚಿನಷ್ಟೇ ನಡುವೂ ಬಿಸಿ. ಹೆಣಿಗೆ ಭಾಗದ ಉದ್ದಕ್ಕೆ ತಕ್ಕಂತೆ ಬೆಳೆಯತೊಡಗಿತು. ಇದು ಗಾತ್ರದ ನಿಯಮ. ಒಂದರಿಂದ ಇನ್ನೊಂದಕ್ಕೆ ಸಾಗುವುದನ್ನು ಒಂದೇ ಯಂತ್ರದಲ್ಲಿ, ನಕ್ಷೆಯ ಸಹಿತ, ನೋಡಿದಂತಾಯಿತು.

ಇಲ್ಲಿ ಒಂದು ವ್ಯತ್ಯಾಸವನ್ನು ಒತ್ತಿ ಹೇಳಬೇಕು. ಇದಕ್ಕೂ ಮೊದಲು, 2017ರಲ್ಲಿ, ಅದೇ ಊರಿನಲ್ಲಿ 14 ಅಯಾನುಗಳ ಸ್ಥಿತಿಯನ್ನು ಕಡಿಮೆ ಅಳತೆಗಳಿಂದ ಪುನರ್ರಚಿಸಿದ ಇನ್ನೊಂದು ವಿಧಾನ ಬಂದಿತ್ತು. ಅದು ಹೆಣಿಗೆ ಕಡಿಮೆಯಿರುವ ಸ್ಥಿತಿಗಳಿಗೆ ಮಾತ್ರ ಒಗ್ಗುತ್ತಿತ್ತು. ಹೆಣಿಗೆ ಹೆಚ್ಚಿದರೆ ವಿವರಣೆಯೂ ಉದ್ದವಾಗಲೇಬೇಕೆಂಬ ಎಣಿಕೆ ಆಗ ಸಹಜವಾಗಿಯೇ ಇತ್ತು. ತಾಪಮಾನದ ನಕ್ಷೆ ಆ ಎಣಿಕೆಯನ್ನು ಸುಳ್ಳು ಮಾಡಿತು: ಚಪ್ಪಟೆ ನಕ್ಷೆಯ ಸ್ಥಿತಿಯಲ್ಲಿ ಹೆಣಿಗೆ ಅಪಾರ, ವಿವರಣೆ ಮಾತ್ರ ಚಿಕ್ಕದು. ಕುದಿಯುವ ನೀರಿನ ಪ್ರತಿ ಅಣುವಿನ ಚಲನೆಯನ್ನು ಬರೆಯಲಾಗದು, ಆದರೆ ‘ನೂರು ಡಿಗ್ರಿ’ ಎಂದು ಎರಡು ಪದದಲ್ಲಿ ಹೇಳಬಹುದಲ್ಲ, ಹಾಗೆ.

ಮಾದರಿಯನ್ನು ನಂಬುವುದು ಹೇಗೆ ಎಂಬುದು ಸಂದೇಹಿಗಳು ಕೇಳಲೇಬೇಕಾದ ಪ್ರಶ್ನೆ. ಹತ್ತಾರು ಸಂಖ್ಯೆಗಳನ್ನು ಹೊಂದಿಸಿಕೊಂಡರೆ ಯಾವ ಮಾದರಿಯೂ ಕೈಯಲ್ಲಿರುವ ದತ್ತಾಂಶಕ್ಕೆ ಒಪ್ಪುವಂತೆ ಕಾಣಬಹುದು. ಇದಕ್ಕೆ ಇರುವ ಒರೆಗಲ್ಲು, ಮಾದರಿಯನ್ನು ಕಟ್ಟಲು ಬಳಸದ ಅಳತೆಗಳ ಮೇಲೆ ಅದನ್ನು ಪರೀಕ್ಷಿಸುವುದು. ಅಲ್ಲಿ ಮಾದರಿ ಹೇಳಿದ ಸಂಭವಗಳೂ ಕ್ಯಾಮೆರಾದಲ್ಲಿ ಕಂಡ ಚುಕ್ಕೆಗಳೂ ತಾಳೆಯಾಗದಿದ್ದರೆ ಮಾದರಿ ಬಿತ್ತು. ಚಿಕ್ಕ ಭಾಗಗಳಲ್ಲಿ ಮೇಲಿನ ಅಂಕದ ಲೆಕ್ಕದಿಂದಲೇ, ಯಾವ ಊಹೆಯೂ ಇಲ್ಲದೆ, ಶುದ್ಧತೆಯನ್ನು ತೆಗೆದು ಹೋಲಿಸಲೂಬಹುದು.

2024ರಲ್ಲಿ ವೆರ್‌ಮೆರ್ಶ್ ಮತ್ತು ಸಂಗಡಿಗರು ಮಂಡಿಸಿದ ದಾರಿಯಲ್ಲಿ ತಾಪಮಾನದ ಊಹೆಯೂ ಬೇಡ. ದೂರದ ಕಣಗಳ ನಡುವೆ ನಂಟು ಬೇಗ ಕ್ಷೀಣಿಸುತ್ತದೆ ಎಂಬಷ್ಟನ್ನೇ ಒಪ್ಪಿಕೊಂಡು, ಉದ್ದ ಸಾಲನ್ನು ಒಂದರ ಮೇಲೊಂದು ಚಾಚಿದ ತುಂಡುಗಳಾಗಿ ನೋಡುತ್ತಾರೆ. ತುಂಡುಗಳ ಶುದ್ಧತೆಗಳನ್ನು ಗುಣಿಸಿ, ಎರಡೆರಡು ಸಲ ಲೆಕ್ಕಕ್ಕೆ ಬಂದ ಚಾಚುಗಳ ಶುದ್ಧತೆಯಿಂದ ಭಾಗಿಸಿದರೆ ಇಡೀ ಸಾಲಿನ ಶುದ್ಧತೆ ಹತ್ತಿರ ಹತ್ತಿರ ಸಿಗುತ್ತದೆ. ಹೆಂಚು ಹೊದಿಸಿದ ಮಾಡಿನ ವಿಸ್ತೀರ್ಣವನ್ನು ಹೆಂಚುಗಳಿಂದ ಲೆಕ್ಕ ಹಾಕುವವನು ಒಂದರ ಮೇಲೊಂದು ಕೂತಿರುವ ಅಂಚನ್ನು ಕಳೆಯುತ್ತಾನಲ್ಲ, ಅದೇ ಬಗೆ. ತುಂಡುಗಳು ಚಿಕ್ಕವಾದ್ದರಿಂದ ಪ್ರತಿಯೊಂದಕ್ಕೂ ಬೇಕಾದ ಅಳತೆಗಳು ಮಿತವಾಗಿವೆ, ಹಾಗಾಗಿ ಸಾಲು ಉದ್ದವಾದಾಗ ಕೆಲಸವು ಇಮ್ಮಡಿಸುತ್ತ ಹೋಗುವುದಿಲ್ಲ.

ಇವೆರಡೂ ಊಹೆಗಳು ನಿಲ್ಲದ ಸ್ಥಿತಿಗಳೂ ಇವೆ. ಯಾದೃಚ್ಛಿಕ ಗೇಟುಗಳ, ಅಂದರೆ ಕ್ಯೂಬಿಟ್‌ಗಳ ಸ್ಥಿತಿಯನ್ನು ಬದಲಿಸುವ ಬಿಡಿ ಕ್ರಿಯೆಗಳ, ಉದ್ದ ಸರಪಳಿಯಿಂದ ಹಾದುಬಂದ ಕ್ಯೂಬಿಟ್‌ಗಳಲ್ಲಿ ದೂರ ಹತ್ತಿರಗಳ ಭೇದ ಅಳಿಸಿಹೋಗಿರುತ್ತದೆ, ಹಿಂದಿನ ಬಲಗಳ ಗುರುತು ಉಳಿದಿರುವುದಿಲ್ಲ. ಅಂಥ ವ್ಯವಸ್ಥೆಯ ಇಪ್ಪತ್ತು ಕ್ಯೂಬಿಟ್‌ಗಳ ಭಾಗದ ಶುದ್ಧತೆ ಹತ್ತು ಲಕ್ಷದಲ್ಲೊಂದು ಪಾಲಿನಷ್ಟಿರಬಹುದು. ಡಬ್ಬದಲ್ಲಿ ಹತ್ತು ಲಕ್ಷ ಹೆಸರುಗಳು ಸಮವಾಗಿ ತುಂಬಿವೆ ಎಂದ ಹಾಗೆ. ಅಲ್ಲಿ ಎರಡು ಪ್ರತಿಗಳಿದ್ದರೂ ಸುಖವಿಲ್ಲ, ಏಕೆಂದರೆ ಅಷ್ಟು ಸಣ್ಣ ಸಂಖ್ಯೆಯನ್ನು +1, −1ಗಳ ಸರಾಸರಿಯಿಂದ ಸ್ಪಷ್ಟವಾಗಿ ಬೇರ್ಪಡಿಸಲು ಲಕ್ಷ ಕೋಟಿ ಸಲ ಅಳೆಯಬೇಕಾಗುತ್ತದೆ. ಸದ್ಯಕ್ಕೆ ಅಲ್ಲಿ ಸಾಧ್ಯವಿರುವುದು ಭಾಗವನ್ನು ಎಂಟು ಹತ್ತು ಕ್ಯೂಬಿಟ್‌ಗಳಿಗೆ ಇಳಿಸಿ, ದಾಳ ಉರುಳಿಸಿ, ಬಂದ ಸಾಲುಗಳನ್ನು ಎರಡೆರಡಾಗಿ ಹೋಲಿಸಿ ಅಂಕ ಹಾಕುವುದು.